ಎಂಟು ತಿಂಗಳಾದರೂ ತೋಳು ತುಂಬಿಕೊಳ್ಳದಿದ್ದರೆ ಅದು ವಂಶವಾಹಿಯ ದೋಷವೇ?

ನೀವೂ ನಿಮ್ಮ ಗೆಳೆಯರೂ ಒಂದೇ ದಿನ ಜಿಮ್ ಸೇರಿದಿರಿ, ಒಂದೇ ವ್ಯಾಯಾಮ ಮಾಡುತ್ತೀರಿ. ಎಂಟು ತಿಂಗಳಲ್ಲಿ ಅವರ ಅಂಗಿಯ ತೋಳು ಬಿಗಿಯಾಗಿದೆ, ನಿಮ್ಮದು ಮೊದಲಿನಂತೆಯೇ ಸಡಿಲವಾಗಿದೆ. "ನನ್ನ ಜೀನ್‌ಗಳೇ ಸರಿಯಿಲ್ಲವೇ, ಬಿಟ್ಟುಬಿಡಲೇ?" ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಹಾಗೆಂದು, ವಂಶವಾಹಿ ಎನ್ನುವುದೆಲ್ಲ ಸೋಮಾರಿಗಳ ನೆಪ ಎನ್ನುವವರ ಮಾತನ್ನೂ ನಂಬಬೇಡಿ. ಹನ್ನೆರಡು ವರ್ಷಗಳಿಂದ ಭಾರ ಎತ್ತುತ್ತಿದ್ದೇನೆ. ನನ್ನದೂ ನಿಧಾನವಾಗಿ ಬೆಳೆಯುವ ಮೈಯೇ.

ವ್ಯತ್ಯಾಸವಂತೂ ನಿಜ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 585 ಮಂದಿ ಸ್ತ್ರೀಪುರುಷರು 12 ವಾರ ಒಂದೇ ಕ್ರಮದಲ್ಲಿ ಒಂದು ತೋಳಿಗೆ ಮಾತ್ರ ವ್ಯಾಯಾಮ ಮಾಡಿದರು. ಕೆಲವರ ಬೈಸೆಪ್ಸ್ (ತೋಳಿನ ಮುಂಭಾಗದ ಸ್ನಾಯು) ಶೇ. 59ರಷ್ಟು ಹಿಗ್ಗಿದರೆ, ಇನ್ನು ಕೆಲವರದು ಸ್ವಲ್ಪವೂ ಬೆಳೆಯಲಿಲ್ಲ, ಶೇ. 2ರಷ್ಟು ಕುಗ್ಗಿದ್ದೂ ಉಂಟು. ಬಲ ಕೆಲವರಲ್ಲಿ ಇದ್ದಲ್ಲೇ ಇತ್ತು, ಕೆಲವರಲ್ಲಿ ಶೇ. 250ರಷ್ಟು ಏರಿತು. ಇದನ್ನು ಓದಿದ ದಿನ ನನ್ನ ಮನಸ್ಸು ಎಷ್ಟೋ ಹಗುರವಾಯಿತು. ಆದರೆ ಇಷ್ಟೂ ಅಂತರವನ್ನು ವಂಶವಾಹಿಯ ಲೆಕ್ಕಕ್ಕೇ ಬರೆಯಲಾಗದು. ನಿದ್ರೆ, ಊಟ, ಅಳತೆಯಲ್ಲಿ ಆಗುವ ಸಣ್ಣಪುಟ್ಟ ತಪ್ಪು ಎಲ್ಲವೂ ಅದರೊಳಗೆ ಸೇರಿವೆ.

ಒಳಗೆ ನಡೆಯುವುದೇನು? ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡಂತೆ ಸ್ಯಾಟಲೈಟ್ ಕೋಶಗಳಿರುತ್ತವೆ. ವ್ಯಾಯಾಮದ ಒತ್ತಡ ಬಿದ್ದಾಗ ಅವು ಎಚ್ಚೆತ್ತು ಎಳೆಯೊಂದಿಗೆ ಬೆಸೆದುಕೊಂಡು, ಅದಕ್ಕೆ ಹೊಸ ಕೋಶಕೇಂದ್ರಗಳನ್ನು ಕೊಡುತ್ತವೆ. ವೇಗವಾಗಿ ಬೆಳೆಯುವವರಲ್ಲಿ ಈ ಕೋಶಗಳು ಆರಂಭದಲ್ಲೇ ಹೆಚ್ಚಾಗಿರುವುದು ಕಂಡುಬಂದಿದೆ. ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ಕೂಡ ಇದೆ. 1997ರಲ್ಲಿ ಅದರ ಜೀನ್ ತೆಗೆದ ಇಲಿಗಳ ಸ್ನಾಯುಗಳು ಎರಡು ಮೂರು ಪಟ್ಟು ಹೆಚ್ಚು ತೂಗಿದವು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿ ಗುಡ್ಡದಂತೆ ಉಬ್ಬಿಕೊಂಡಿರುವುದೂ ಇದೇ ಜೀನ್‌ನ ಲೋಪದಿಂದ. ನಿಮ್ಮ ಗೆಳೆಯರಲ್ಲಿ ಅಂಥ ಅಪರೂಪದ ಬದಲಾವಣೆ ಇರಲಾರದು. ನಮ್ಮ ನಿಮ್ಮಂಥವರ ನಡುವಿನ ಅಂತರ ಹುಟ್ಟುವುದು ನೂರಾರು ಜೀನ್‌ಗಳ ಪುಟ್ಟ ಪುಟ್ಟ ಪ್ರಭಾವಗಳು ಕೂಡಿಕೊಂಡಾಗ. ವೇಗದ ಜೀನ್ ಎಂದು ಹೆಸರಾದ ಎಸಿಟಿಎನ್3 ಕೂಡ ಸ್ನಾಯುಶಕ್ತಿಯ ವ್ಯತ್ಯಾಸದಲ್ಲಿ ಶೇ. 2–3ರಷ್ಟನ್ನು ಮಾತ್ರ ವಿವರಿಸಬಲ್ಲದು. ಆದ್ದರಿಂದ ಜೊಲ್ಲು ಕಳುಹಿಸಿದರೆ ನಿಮ್ಮ ಮೈಗೆ ಒಪ್ಪುವ ವ್ಯಾಯಾಮ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೆ ಹಣ ಸುರಿಯಬೇಡಿ.

ಯಾವ ಪರೀಕ್ಷೆಯೂ ಬೇಡದೆ ಕಣ್ಣಿಗೇ ಕಾಣುವುದು ಆಕಾರ. ಮೊಣಕೈ ಮಡಿಸಿ, ಬೈಸೆಪ್ಸ್ ಬಿಗಿ ಮಾಡಿ, ಮೊಣಕೈಯ ಮಡಿಕೆಗೂ ಉಬ್ಬಿನ ಅಂಚಿಗೂ ನಡುವೆ ಇನ್ನೊಂದು ಕೈಯ ಬೆರಳುಗಳನ್ನು ಅಡ್ಡಲಾಗಿ ಇಟ್ಟು ನೋಡಿ. ನನಗೆ ಮೂರು ಬೆರಳು ಹಿಡಿಯುತ್ತವೆ. ನನ್ನ ಜೊತೆ ಅಭ್ಯಾಸ ಮಾಡುವವನಿಗೆ ಒಂದೇ ಬೆರಳು, ಅದೂ ಕಷ್ಟದಿಂದ. ಅವನ ಸ್ನಾಯು ಉದ್ದ, ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಗಿಡ್ಡ, ನನ್ನದು ತಿರುಗುಮುರುಗು. ಹನ್ನೆರಡು ವರ್ಷ ಬೆವರು ಸುರಿಸಿದ ಮೇಲೂ ಆ ಮೂರು ಬೆರಳು ಎರಡಾಗಿಲ್ಲ, ಆಗುವುದೂ ಇಲ್ಲ. ಮೀನಖಂಡದ ಕಥೆಯೂ ಇದೇ. ಭುಜದ ಅಗಲ, ಮಣಿಕಟ್ಟಿನ ದಪ್ಪ ಇವೆಲ್ಲ ಮೂಳೆಯ ಮಾತು. ವೇದಿಕೆಯ ಮೇಲೆ ದೇಹದಾರ್ಢ್ಯಪಟುಗಳನ್ನು ಅಳೆಯುವಾಗ ಇವು ಬಹಳ ಮುಖ್ಯವಾಗುತ್ತವೆ. ಆದರೆ ಗಿಡ್ಡ ಸ್ನಾಯುವೂ ದಪ್ಪವಾಗುತ್ತದೆ, ನನ್ನದೂ ಆಗಿದೆ.

ಈಗ ನಿಮ್ಮ ಎಂಟು ತಿಂಗಳಿಗೆ ಬರುತ್ತೇನೆ. ಮೊದಲ ವರ್ಷ ನಾನೂ ನಿಮ್ಮಂತೆಯೇ ಹಣೆಬರಹವನ್ನು ಹಳಿದಿದ್ದೆ. ಒಂದು ದಿನ ಎತ್ತಿದ ಭಾರ ಬರೆದಿಡುತ್ತಿದ್ದ ಪುಸ್ತಕ ತಿರುವಿ ಹಾಕಿದೆ: ನಾಲ್ಕು ತಿಂಗಳು ಪುಟದ ಮೇಲೆ ಪುಟ ಹತ್ತು ಕಿಲೋ, ಹತ್ತು ಸಲ. ಇನ್ನೂ ಐದಾರು ಸಲ ಎತ್ತುವ ಕಸುವಿರುವಾಗಲೇ ಡಂಬೆಲ್ ಕೆಳಗಿಡುತ್ತಿದ್ದೆ. ಊಟದ ಲೆಕ್ಕ ಹಾಕಿದಾಗ ದಿನಕ್ಕೆ ದೇಹತೂಕದ ಕಿಲೋಗೆ ಒಂದು ಗ್ರಾಂ ಪ್ರೋಟೀನ್ ಕೂಡ ಸಿಗುತ್ತಿರಲಿಲ್ಲ. ಸ್ನಾಯು ಚೆನ್ನಾಗಿ ಬೆಳೆಯಲು ಸುಮಾರು 1.6 ಗ್ರಾಂ ಬೇಕು. ಎರಡನ್ನೂ ಸರಿಪಡಿಸಿಕೊಂಡ ಮುಂದಿನ ವರ್ಷ ತೋಳಿನ ಸುತ್ತಳತೆ ಎರಡೂವರೆ ಸೆಂಟಿಮೀಟರ್ ಏರಿತು. ಅದೇ ಜೀನ್‌ಗಳು, ಅದೇ ನಾನು. ನಿಮ್ಮ ಗೆಳೆಯರ ಕ್ರಮವೇ ನಿಮಗೂ ಸಾಕು ಎಂದೇನಿಲ್ಲ. ಒಂದು ಸೆಟ್‌ಗೆ (ನಡುವೆ ನಿಲ್ಲಿಸದೆ ಎತ್ತುವ ಒಂದು ಸರಣಿಗೆ) ಅಷ್ಟಾಗಿ ಸ್ಪಂದಿಸದ ಸ್ನಾಯು ಮೂರು ಸೆಟ್‌ಗೆ ಚೆನ್ನಾಗಿ ಸ್ಪಂದಿಸುವುದು ಹಲವರಲ್ಲಿ ಕಂಡಿದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೊಬೈಲ್‌ನಲ್ಲಿ ಕಾಣುವ ದೈತ್ಯ ಮೈಗಳನ್ನು ನೋಡಿ ನಿಮ್ಮ ಜೀನ್‌ಗಳನ್ನು ಅಳೆಯಬೇಡಿ; ಅವುಗಳ ಹಿಂದೆ ಔಷಧಿ ಇರಬಹುದು. 1996ರ ಒಂದು ಪ್ರಯೋಗದಲ್ಲಿ 10 ವಾರ, ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನ್ ಪಡೆದು ವ್ಯಾಯಾಮವನ್ನೇ ಮಾಡದವರು ಸುಮಾರು 3 ಕಿಲೋ ಕೊಬ್ಬುರಹಿತ ತೂಕ ಗಳಿಸಿದರು. ಔಷಧಿಯಿಲ್ಲದೆ ಶ್ರದ್ಧೆಯಿಂದ ಭಾರ ಎತ್ತಿದವರು ಗಳಿಸಿದ್ದು ಸುಮಾರು 2 ಕಿಲೋ. ಅಂಥ ಔಷಧಿಗಳು ಹೃದಯಕ್ಕೆ ಮಾಡುವ ಹಾನಿಯೂ ಚಿತ್ರದಲ್ಲಿ ಕಾಣುವುದಿಲ್ಲ.

ಇವತ್ತೇ ಒಂದು ಪುಸ್ತಕ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ತೋಳು, ಎದೆ, ತೊಡೆಗಳ ಅಳತೆ ಬರೆಯಿರಿ. ಪ್ರತಿ ಸೆಟ್ ಅನ್ನು ಇನ್ನು ಒಂದೆರಡು ಸಲಕ್ಕಿಂತ ಹೆಚ್ಚು ಎತ್ತಲಾಗದು ಎನ್ನುವ ಹಂತದವರೆಗೆ ಒಯ್ಯಿರಿ, ತೂಕ ಏರಿದ ದಿನಾಂಕಗಳನ್ನು ಗುರುತಿಸಿ. ನಾಲ್ಕು ತಿಂಗಳ ಬಳಿಕ ಅದೇ ಟೇಪಿನಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ಮತ್ತೆ ಅಳೆದು ಇಲ್ಲಿಯೇ ಬರೆಯಿರಿ; ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.