ಗಣಿತ ಬಿಟ್ಟುಬಿಡಲಾ, ಮೇಡಂ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಆಳಂದ ತಾಲೂಕಿನ ಹಳ್ಳಿ. ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಕಲಬುರಗಿಯಲ್ಲಿ ಮೊದಲ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ಮೊದಲ ಟೆಸ್ಟ್‌ನಲ್ಲಿ ಗಣಿತಕ್ಕೆ 40ಕ್ಕೆ 7 ಬಂತು, ಬಯಾಲಜಿಗೆ 33. ಮನೆಯಲ್ಲಿ ಎಮ್ಮೆಗಳಿವೆ, ನನಗೆ ದನದ ಡಾಕ್ಟರ್ ಆಗಬೇಕು. ಗಣಿತ ಬಿಡುತ್ತೇನೆ ಅಂದರೆ ಅಣ್ಣ ಬೇಡ ಅನ್ನುತ್ತಾನೆ, ಮುಂದೆ ಇಂಜಿನಿಯರಿಂಗ್ ಸಿಗಲ್ಲ ಅಂತಾನೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ಮೊದಲು ನಿದ್ದೆ ಮಾಡು. ದನದ ಡಾಕ್ಟರ್ ಆಗಲು ಪಿಯುಸಿ ಗಣಿತ ಬೇಕಿಲ್ಲ. ನಮ್ಮ ಪಕ್ಕದ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ದನದ ಡಾಕ್ಟರ್ ಪದವಿಯಾದ ಬಿವಿಎಸ್‌ಸಿ ಸೇರಲು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಸಾಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಣ್ಣನ ಮಾತೂ ನಿಜವೇ, ಗಣಿತ ಬಿಟ್ಟರೆ ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಕೈತಪ್ಪುತ್ತವೆ. ಆದರೆ ಅದು ನಿನಗೆ ಬೇಕಾ ಅಂತ ಅವನು ಕೇಳಿದನಾ?

ಹಾಗಂತ ಗಣಿತ ಬಿಡುತ್ತೇನೆ ಅಂತ ಈ ವಾರವೇ ಅರ್ಜಿ ಕೊಡಬೇಡ. ನಾನು 29 ವರ್ಷ ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಮೊದಲು ಸೋಲುವುದು ಲೆಕ್ಕದಲ್ಲಲ್ಲ, ಲೆಕ್ಕದ ಇಂಗ್ಲಿಷಿನಲ್ಲಿ. ಜೇವರ್ಗಿ ಕಡೆಯ ಒಬ್ಬ ಹುಡುಗಿ ಟೆಸ್ಟ್‌ನಲ್ಲಿ ಖಾಲಿ ಹಾಳೆ ಕೊಟ್ಟಿದ್ದಳು. ಸ್ಟಾಫ್ ರೂಮಿಗೆ ಕರೆದು, 'ಅರಿತ್‌ಮೆಟಿಕ್ ಪ್ರೊಗ್ರೆಷನ್ ಅಂದ್ರೆ ನೀನು ಕಲಿತ ಸಮಾಂತರ ಶ್ರೇಢಿನೇ ಅವ್ವಾ' ಅಂದೆ. ನಿಂತಲ್ಲೇ ಮೂರು ಲೆಕ್ಕ ಮಾಡಿದಳು. ಅವತ್ತು ನನಗೆ ಬಹಳ ಸಂಕಟವಾಯಿತು. ಅದಕ್ಕೂ ಮೊದಲು ಎಷ್ಟು ಮಕ್ಕಳ ಹಾಳೆಗೆ ಸೊನ್ನೆ ಹಾಕಿ ಮುಂದೆ ಹೋಗಿದ್ದೆನೋ.

ಭಾನುವಾರ ನಿನ್ನ ಉತ್ತರ ಪತ್ರಿಕೆ ಹಿಡಿದು ಕೂತುಕೋ. ತಪ್ಪಾದ ಪ್ರತಿ ಲೆಕ್ಕದ ಪಕ್ಕ ಕಾರಣ ಬರೆ. ಪ್ರಶ್ನೆಯೇ ತಿಳಿಯಲಿಲ್ಲವಾ? ಹತ್ತನೆಯದು ಮರೆತಿತ್ತಾ? ಹೊಸ ಪಾಠ ತಲೆಗೆ ಹತ್ತಲಿಲ್ಲವಾ? ಉದಾಹರಣೆಗೆ, ಸೈನ್ 75 ಡಿಗ್ರಿ ಕಂಡುಹಿಡಿ ಅಂದರೆ ಅದನ್ನು 45 ಮತ್ತು 30 ಅಂತ ಒಡೆಯಬೇಕು. ಹಾಗೆ ಒಡೆದು ಮಾಡುವ ಸೂತ್ರ ಪಿಯುಸಿಯಲ್ಲಿ ಹೊಸದು. ಸೈನ್ 45, ಕಾಸ್ 30 ಎಷ್ಟು ಅನ್ನುವುದು ಹತ್ತನೇ ತರಗತಿಯದೇ. ನೀನು ಸಿಕ್ಕಿಬಿದ್ದದ್ದು ಎಲ್ಲಿ?

ಮೊದಲ ಎರಡು ಕಾರಣಗಳೇ ಜಾಸ್ತಿ ಇದ್ದರೆ ಗಣಿತ ಬಿಡಬೇಡ. ಹತ್ತನೇ ಪುಸ್ತಕವನ್ನು ಕನ್ನಡದ್ದು, ಇಂಗ್ಲಿಷಿನದ್ದು ಪಕ್ಕಪಕ್ಕ ಇಟ್ಟು ದಿನಾ ಮುಕ್ಕಾಲು ಗಂಟೆ ಓದು. ಬಸ್ಸಿನಲ್ಲಿ ಸೀಟು ಸಿಕ್ಕರೆ ಪದಗಳನ್ನು ಅಲ್ಲೇ ನೋಡಬಹುದು. ಮೂರನೆಯದೇ ಎಲ್ಲ ಕಡೆ ಬಂದರೆ, ಗಣಿತದ ಭಯಕ್ಕೆ ಬಯಾಲಜಿಯೂ ಹಿಂದೆ ಬೀಳುತ್ತಿದ್ದರೆ, ಬಿಡು. ಅದರಲ್ಲಿ ಅವಮಾನ ಏನೂ ಇಲ್ಲ.

ಆದರೆ ಬಿಟ್ಟರೂ ಫಿಸಿಕ್ಸ್‌ನಲ್ಲಿ ವೆಕ್ಟರ್, ಡೆರಿವೇಟಿವ್ ಬಂದೇ ಬರುತ್ತವೆ. ಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ಫಿಸಿಕ್ಸ್‌ಗೆ 60 ಅಂಕ ಇದೆ, ಅಷ್ಟು ಗಣಿತವನ್ನಾದರೂ ಕಲಿಯಲೇಬೇಕು. ಇನ್ನೊಂದು, ಪಿಯುಸಿಗೆ ಎರಡು ಭಾಷೆ ಬಿಟ್ಟು ನಾಲ್ಕು ವಿಷಯ ಇರಬೇಕು. ಗಣಿತದ ಜಾಗಕ್ಕೆ ಹೋಮ್ ಸೈನ್ಸ್ ಥರದ್ದು ಯಾವುದಾದರೂ ನಿಮ್ಮ ಕಾಲೇಜಿನಲ್ಲಿ ಇದೆಯಾ? ಬದಲಿಸಲು ಕೊನೆಯ ದಿನ ಯಾವುದು? ಇವೆರಡನ್ನು ನಾಳೆಯೇ ಪ್ರಿನ್ಸಿಪಾಲರ ಹತ್ತಿರ ಕೇಳು. ಅಣ್ಣನನ್ನೂ ಕರೆದುಕೊಂಡು ಹೋಗು. ಆ ಉತ್ತರ ಪತ್ರಿಕೆಯ ಜೆರಾಕ್ಸ್ ನನಗೊಂದು ಕಳಿಸು, ನೀನು ಬರೆದ ಕಾರಣಗಳ ಸಮೇತ. ಕೂತು ನೋಡುತ್ತೇನೆ.