‘ಗೋಪ್ಯ’ ಮೊಹರಿನ ಹಾಳೆ ನನ್ನ ಮೊಬೈಲಿನಲ್ಲಿದೆ, ಏನು ಮಾಡಲಿ?

ಪ್ರಶ್ನೆ: ಕೇಂದ್ರ ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದರಲ್ಲಿ ಸಹಾಯಕನಾಗಿದ್ದೇನೆ. ಖರೀದಿ ಕಡತವೊಂದರಲ್ಲಿ ತಾಂತ್ರಿಕ ಸಮಿತಿಯ ಆಕ್ಷೇಪಣೆ ಇದ್ದ ಹಾಳೆಯನ್ನು ತೆಗೆದು ಬೇರೆ ಹಾಳೆ ಸೇರಿಸಿದ್ದಾರೆ. ಮೊದಲಿನ ಹಾಳೆಯ ಫೋಟೊ ನನ್ನ ಮೊಬೈಲಿನಲ್ಲಿದೆ. ಕಡತದ ಮೇಲೆ ‘ಗೋಪ್ಯ’ ಎಂಬ ಮೊಹರಿದೆ. ಪತ್ರಕರ್ತ ಸ್ನೇಹಿತನಿಗೆ ಕಳುಹಿಸಿದರೆ ದ್ರೋಹವಾಗುತ್ತದೆಯೇ? ಹೆಸರು ಹೊರಬೀಳುತ್ತದೆಯೇ? ಮಗಳು ಪಿಯುಸಿ ಓದುತ್ತಿದ್ದಾಳೆ, ಮನೆ ಸಾಲವೂ ಇದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಕೊನೆಯ ವಾಕ್ಯವನ್ನು ಸಂಕೋಚದಿಂದ ಬರೆದಂತಿದೆ. ಸಂಕೋಚ ಬೇಡ, ಲೆಕ್ಕಕ್ಕೆ ಮೊದಲು ಬರಬೇಕಾದದ್ದು ಅದೇ.

ಸರ್ಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ ಬಹಳ ವರ್ಷ ಕುಳಿತವನು ನಾನು. ಕ್ಯಾಂಟೀನ್ ಗುತ್ತಿಗೆಯ ಕಡತದ ಮೇಲೂ ‘ಗೋಪ್ಯ’ ಎಂದು ಒತ್ತಿದ್ದನ್ನು ಕಂಡಿದ್ದೇನೆ. ಇಡ್ಲಿಯ ದರದಲ್ಲಿ ದೇಶದ ಭದ್ರತೆ ಎಲ್ಲಿ ಅಡಗಿತ್ತೋ ಇಂದಿಗೂ ತಿಳಿಯದು. ಆದ್ದರಿಂದ ಮೊಹರನ್ನು ಪಕ್ಕಕ್ಕಿಟ್ಟು, ಈ ಹಾಳೆ ಹೊರಬಿದ್ದರೆ ಪೆಟ್ಟು ಯಾರಿಗೆ ಎಂದು ಕೇಳಿಕೊಳ್ಳಿ. ಗಡಿಯ ಸೈನಿಕನಿಗೋ, ಎಲ್ಲೋ ಬಚ್ಚಿಟ್ಟುಕೊಂಡಿರುವ ಮಾಹಿತಿದಾರನಿಗೋ, ಹಾಳೆ ಬದಲಿಸಿದವರಿಗಷ್ಟೆಯೋ? ಉತ್ತರ ಮೂರನೆಯದಾದರೆ ನಿಮ್ಮ ಮನಸ್ಸಾಕ್ಷಿಗೆ ದ್ರೋಹದ ಭಾರ ಬೇಡ.

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡವರಲ್ಲಿ ನನಗೆ ನೆನಪಾಗುವುದು ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್. ವಿಯೆಟ್ನಾಂ ಯುದ್ಧದ ಕುರಿತ ಸುಮಾರು 7,000 ಪುಟಗಳ ರಹಸ್ಯ ಅಧ್ಯಯನವನ್ನು ಅವರು 1969ರಲ್ಲಿ ರಾತ್ರಿ ಹೊತ್ತು ಜೆರಾಕ್ಸ್ ಮಾಡಿದರು. ಹತ್ತು ವರ್ಷದ ಮಗಳು ಕತ್ತರಿ ಹಿಡಿದು ಪುಟಗಳಲ್ಲಿದ್ದ ‘ಪರಮ ರಹಸ್ಯ’ ಎಂಬ ಪಟ್ಟಿಯನ್ನು ಕತ್ತರಿಸಿ ಹಾಕುತ್ತಿದ್ದಳು. ಮಗುವನ್ನು ಇದರಲ್ಲಿ ಸೇರಿಸಿಕೊಂಡದ್ದು ನನಗೆ ಒಪ್ಪಿಗೆಯಿಲ್ಲ, ಇರಲಿ. ಅಷ್ಟೆಲ್ಲ ಪತ್ರಿಕೆಗೆ ಕೊಟ್ಟವರು, ರಾಜತಾಂತ್ರಿಕ ಮಾತುಕತೆಗಳಿಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಮಾತ್ರ ಕೊಡಲಿಲ್ಲ. ಹೊರಬಂದರೆ ಮಾತುಕತೆ ಕೆಡಬಹುದೆಂಬ ಎಚ್ಚರ ಅವರಿಗಿತ್ತು. ಹೀಗೆ ಆಯ್ದು ಕೊಟ್ಟರೂ ಅವರ ಮೇಲೆ ಬಂದ ಆರೋಪಗಳಿಗೆ ಒಟ್ಟು 115 ವರ್ಷಗಳವರೆಗೆ ಶಿಕ್ಷೆಯಾಗಬಹುದಿತ್ತು. 1973ರಲ್ಲಿ ಮೊಕದ್ದಮೆ ಬಿದ್ದುಹೋದದ್ದು, ಸರ್ಕಾರದ ಕಡೆಯವರೇ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿದ್ದು ಬಯಲಾದದ್ದರಿಂದ. ಅಂಥ ಅದೃಷ್ಟವನ್ನು ನೀವು ನೆಚ್ಚಿಕೊಳ್ಳುವಂತಿಲ್ಲ.

ನಮ್ಮಲ್ಲಿರುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ, ಬ್ರಿಟಿಷರ ಬಳುವಳಿ. ರಹಸ್ಯವೆಂದರೇನು ಎಂದು ಅದು ಎಲ್ಲೂ ವಿವರಿಸುವುದಿಲ್ಲ. 5ನೇ ಸೆಕ್ಷನ್ ಪ್ರಕಾರ ಕೊಟ್ಟವನಿಗೂ, ತಿಳಿದೂ ಪಡೆದವನಿಗೂ 3 ವರ್ಷದವರೆಗೆ ಜೈಲು ವಿಧಿಸಬಹುದು. ಖರೀದಿ ಟಿಪ್ಪಣಿಗೆ ಇದು ಅನ್ವಯಿಸುತ್ತದೆಯೇ ಎಂದು ವಕೀಲರು ವರ್ಷಗಟ್ಟಲೆ ವಾದಿಸಬಹುದು. ಆ ವರ್ಷಗಳಲ್ಲಿ ನೀವು ಅಮಾನತಿನಲ್ಲಿರುತ್ತೀರಿ. ಕಾಯ್ದೆಯ ಗೊಡವೆಯೇ ಬೇಡವೆಂದರೂ, ನಡತೆ ನಿಯಮಗಳಡಿ ಇಲಾಖಾ ವಿಚಾರಣೆ ನಡೆಸಿ ಮನೆಗೆ ಕಳುಹಿಸಲು ಅಡ್ಡಿಯಿಲ್ಲ.

‘ರಫೇಲ್ ತೀರ್ಪು ಇದೆಯಲ್ಲ’ ಎಂದು ನಿಮ್ಮ ಸ್ನೇಹಿತರು ಹೇಳಬಹುದು. ಇದೆ. ರಫೇಲ್ ಯುದ್ಧವಿಮಾನ ಖರೀದಿಯ ಕುರಿತು ಪತ್ರಿಕೆಯಲ್ಲಿ ಬಂದಿದ್ದ ರಕ್ಷಣಾ ಸಚಿವಾಲಯದ ದಾಖಲೆಗಳು ಕದ್ದಂಥವು, ಅವನ್ನು ಪರಿಗಣಿಸಬಾರದು ಎಂದು ಕೇಂದ್ರ ವಾದಿಸಿತು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಆ ಆಕ್ಷೇಪವನ್ನು ತಳ್ಳಿಹಾಕಿತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ರಹಸ್ಯ ಕಾಯ್ದೆಯನ್ನೂ ಮೀರಿ ಮಾಹಿತಿ ಕೊಡಬಹುದೆನ್ನುವ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಸೆಕ್ಷನ್ನೂ ಅಲ್ಲಿ ಚರ್ಚೆಗೆ ಬಂತು. ಆದರೆ ಆ ತೀರ್ಪಿನಿಂದ ಬಲ ಬಂದದ್ದು ಪತ್ರಿಕೆಗೆ ಮತ್ತು ಕಾಗದಕ್ಕೆ. ಕಾಗದ ಹೊರಗೆ ತಂದವನಿಗೆ ಅದು ಕೊಡೆ ಹಿಡಿಯಲಿಲ್ಲ.

ಹೆಸರು ಹೊರಬೀಳುತ್ತದೆಯೇ? ಬೀಳುತ್ತದೆ ಎಂದೇ ತಿಳಿದು ಹೆಜ್ಜೆಯಿಡಿ. 2017ರಲ್ಲಿ ಅಮೆರಿಕದ ರಿಯಾಲಿಟಿ ವಿನ್ನರ್ ಎಂಬಾಕೆ ಒಂದು ಗುಪ್ತಚರ ವರದಿಯನ್ನು ಮುದ್ರಿಸಿ ಸುದ್ದಿ ಸಂಸ್ಥೆಗೆ ಕಳುಹಿಸಿದರು. ಸಂಸ್ಥೆ ಸತ್ಯಾಸತ್ಯತೆ ಪರಿಶೀಲನೆಗೆಂದು ಸರ್ಕಾರಕ್ಕೆ ತೋರಿಸಿದ ಪ್ರತಿಯಲ್ಲಿ ಮಡಿಕೆಯ ಗುರುತಿತ್ತು. ಅಂದರೆ ಯಾರೋ ಮುದ್ರಿಸಿ ಒಯ್ದಿದ್ದಾರೆ. ಮುದ್ರಿಸಿದವರು ಆರೇ ಮಂದಿ. ಆಕೆಗೆ 63 ತಿಂಗಳ ಶಿಕ್ಷೆಯಾಯಿತು. ಇನ್ನು ನಿಮ್ಮ ವಿಷಯ. ಹಾಳೆ ಬದಲಾಗುವ ಮುನ್ನ ಕಡತ ಯಾರ ಯಾರ ಮೇಜಿನ ಮೇಲಿತ್ತು? ಚಲನವಲನ ವಹಿ ತೆರೆದರೆ ನಾಲ್ಕೈದು ಹೆಸರು ಸಿಗುತ್ತವೆ. ಅದರಲ್ಲಿ ಪತ್ರಕರ್ತ ಸ್ನೇಹಿತನಿರುವವರು ಎಷ್ಟು ಮಂದಿ?

ಮಾಹಿತಿ ಹಕ್ಕಿನಡಿ ಬೇರೆಯವರಿಂದ ಅರ್ಜಿ ಹಾಕಿಸುವ ಯೋಚನೆ ಬಂದಿರಬಹುದು. ಅದರಿಂದ ಸಿಗುವುದು ಈಗ ಕಡತದಲ್ಲಿರುವ ಹಾಳೆ.

ನಾನು ಮೊದಲು ಹಿಡಿಯುವ ದಾರಿ ಕೇಂದ್ರ ಜಾಗೃತ ಆಯೋಗದ್ದು. 2004ರ ‘ಪಿಐಡಿಪಿಐ’ (ಸಾರ್ವಜನಿಕ ಹಿತದ ಮಾಹಿತಿ ಬಹಿರಂಗ ಮತ್ತು ಮಾಹಿತಿದಾರರ ರಕ್ಷಣೆ) ನಿರ್ಣಯದಡಿ ಅದು ಕೇಂದ್ರದ ಮತ್ತು ಅದರ ಸಂಸ್ಥೆಗಳ ನೌಕರರ ಮೇಲಿನ ಭ್ರಷ್ಟಾಚಾರದ ದೂರನ್ನು, ಕೊಟ್ಟವರ ಹೆಸರು ಗುಟ್ಟಾಗಿಟ್ಟು ಪಡೆಯುತ್ತದೆ. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿ. ಮೇಲೆ ‘ಪಿಐಡಿಪಿಐ’ ಎಂದಷ್ಟೇ ಇರಲಿ, ನಿಮ್ಮ ಹೆಸರು ವಿಳಾಸ ಒಳಗಿನ ಪತ್ರದಲ್ಲಿರಲಿ. ಹೆಸರಿಲ್ಲದ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ. ದೂರಿನ ಒಕ್ಕಣೆಯನ್ನಷ್ಟೇ ಓದಿದವರಿಗೆ ನೀವು ಯಾರೆಂಬ ಸುಳಿವು ಸಿಗಬಾರದು; ‘ನಾನು ಕಡತ ಮಂಡಿಸಿದಾಗ’ ಎಂಬ ಒಂದು ಸಾಲು ಸಾಕು ಎಲ್ಲ ಹಾಳಾಗಲು.

ಈ ದಾರಿ ಹೂವಿನ ಹಾಸಿಗೆ ಎಂದು ನಾನು ಹೇಳಲಾರೆ. ಈ ನಿರ್ಣಯ ಹುಟ್ಟಿದ್ದೇ ಒಂದು ಸಾವಿನ ಬೆನ್ನಿಗೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಚೇರಿಗೆ ಬರೆದರು, ಹೆಸರು ಗುಟ್ಟಾಗಿರಲಿ ಎಂದೂ ಕೋರಿದರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಎಂದಿತು ಸಿಬಿಐ. ಆಮೇಲೆ 2014ರಲ್ಲಿ ಇಂಥವರ ರಕ್ಷಣೆಗೆಂದೇ ಸಂಸತ್ತು ಮಾಡಿದ ಕಾಯ್ದೆಯನ್ನು ಸರ್ಕಾರ ಜಾರಿಗೇ ತಂದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಆದ್ದರಿಂದ ಲಕೋಟೆ ಅಂಚೆಗೆ ಹಾಕುವ ಮುನ್ನ ಸೇವಾ ವಿಷಯ ಬಲ್ಲ ವಕೀಲರನ್ನು ಕಾಣಿರಿ, ಮನೆಯವರೊಂದಿಗೆ ಕುಳಿತು ಮಾತನಾಡಿ. ಪತ್ರಕರ್ತ ಸ್ನೇಹಿತನ ಸರದಿ, ಆಯೋಗದಿಂದ ಏನೂ ಆಗದೆ, ಮುಚ್ಚಿಟ್ಟ ಆಕ್ಷೇಪಣೆಯಿಂದ ಜನರ ಜೀವಕ್ಕೇ ಕುತ್ತು ಎನ್ನಿಸಿದಾಗ. ಆಗಲೂ ಕೆಲಸ ಹೋಗಬಹುದು ಎಂದು ಒಪ್ಪಿಕೊಂಡೇ ಹೋಗಬೇಕು.

ಪ್ರಶ್ನೆ: ಸೋರಿಕೆಯಾಗಿ ಎಲ್ಲೆಡೆ ಹರಿದಾಡುತ್ತಿರುವ ದಾಖಲೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ತಪ್ಪೇ?
– ಓದುಗ, ಹಾಸನ

ಉತ್ತರ: ಎಲ್ಲರಿಗೂ ಸಿಗುತ್ತದೆ ಎಂಬುದು ಕೊನೆಗೆ ನಿಮ್ಮನ್ನು ಉಳಿಸಬಹುದು, ಆದರೆ ಕೊನೆ ಯಾವಾಗ ಎಂಬುದೇ ಪ್ರಶ್ನೆ. ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯಡಿಯೇ ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿದ್ದದ್ದು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾಗಿದ್ದ ಬರಹ. ಸರ್ಕಾರ ಮೊಕದ್ದಮೆ ಹಿಂಪಡೆಯುವಷ್ಟರಲ್ಲಿ ಅವರು ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಳೆದಿದ್ದರು. ಹಂಚಲೇಬೇಕಿದ್ದರೆ ಪತ್ರಿಕಾ ವರದಿಯ ಕೊಂಡಿ ಹಂಚಿ, ದಾಖಲೆಯ ಪುಟ ಬೇಡ.