ದಿನಾ ಜೇಬಿನಲ್ಲಿಡಲು ಮುಂದಕ್ಕೆ ಚಿಮ್ಮುವ ಓಟಿಎಫ್ ಚಾಕು: ಬೆಂಗಳೂರಿನಲ್ಲಿ ಎಂಥದ್ದು ಕೊಳ್ಳಲಿ?

ಕೊರಿಯರ್ ಡಬ್ಬ, ಹಗ್ಗ, ಹಣ್ಣು ಕೊಯ್ಯುವುದಕ್ಕಷ್ಟೇ ಆದರೆ ಓಟಿಎಫ್ ಬೇಡ. ಎರಡೂವರೆ ಇಂಚಿನ ಮಡಚುವ ಚಾಕು ಸಾಕು. ಓಟಿಎಫೇ ಬೇಕೆಂದರೆ ಡಬಲ್ ಆ್ಯಕ್ಷನ್ ನೋಡಿ: ಒಂದೇ ಸ್ಲೈಡರ್‌ನಿಂದ ಅಲಗು ಹೊರಗೂ ಬರುತ್ತದೆ, ಒಳಗೂ ಹೋಗುತ್ತದೆ. ಸಿಂಗಲ್ ಆ್ಯಕ್ಷನ್‌ನಲ್ಲಿ ವಾಪಸ್ ಕೂರಿಸುವ ಕೆಲಸ ನಿಮ್ಮ ಕೈಯದ್ದು.

ಡಬಲ್ ಆ್ಯಕ್ಷನ್‌ನಲ್ಲಿ ಸ್ಪ್ರಿಂಗ್ ಅಲಗನ್ನು ಸ್ವಲ್ಪ ದೂರವಷ್ಟೇ ತಳ್ಳುತ್ತದೆ, ಉಳಿದ ದೂರವನ್ನು ಅಲಗು ತನ್ನ ವೇಗದಲ್ಲೇ ಸಾಗಿ ಲಾಕ್ ಆಗಬೇಕು. ಹಾಗಾಗಿ ಎದುರಿಗೆ ಏನಾದರೂ ತಗುಲಿದರೆ, ಜೇಬಿನ ನೂಲು, ಧೂಳು ಒಳಗೆ ಸೇರಿದ್ದರೆ ಅರ್ಧಕ್ಕೇ ನಿಂತು ಲೊಡಲೊಡ ಅಲ್ಲಾಡುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. ಚಪ್ಪಟೆ ಬದಿಗಳನ್ನು ಹಿಡಿದು 'ಟಕ್' ಎನ್ನುವವರೆಗೆ ಹೊರಗೆಳೆಯಿರಿ. ಪದೇ ಪದೇ ಹೀಗಾದರೆ ಲೈಟರ್ ಫ್ಲುಯಿಡ್ ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ.

ಲಾಕ್ ಆದಮೇಲೂ ತುಸು ಅಲುಗಾಟ ಇದ್ದೇ ಇರುತ್ತದೆ, ಡಬ್ಬದ ಮುಚ್ಚಳ ಮೀಟಲು ಹೋಗಬೇಡಿ. ಡಿ2 ಉಕ್ಕು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, 14ಸಿ28ಎನ್ ಎಂಬ ಸ್ಟೇನ್‌ಲೆಸ್ ಉಕ್ಕು ಮೇಲು.

ಆಯುಧ ನಿಯಮಗಳಲ್ಲಿ ಅಲಗಿಗೆ ಬರುವ ಮಿತಿ 9 ಇಂಚು ಉದ್ದ, 2 ಇಂಚು ಅಗಲ. ಆದರೆ ಇಂಥ ಬಟನ್ ಚಾಕು ಸಿಕ್ಕಿದಾಗ ಪೊಲೀಸರು ಮೊದಲು ಟೇಪು ತೆಗೆಯುವುದಿಲ್ಲ, 'ಯಾಕಿಟ್ಟುಕೊಂಡಿದ್ದೀರಿ' ಅನ್ನುತ್ತಾರೆ. ಮೆಟ್ರೋ ತಪಾಸಣೆಯಲ್ಲೂ ತಕರಾರು ಖಚಿತ. ವಿಮಾನದಲ್ಲಂತೂ ಕೈಚೀಲಕ್ಕೆ ಹಾಕಲೇಬೇಡಿ.